ಮೆಟ್ಟಿಲೇರಿ ಆರೋಗ್ಯ ನಿಧಿ: ಬೆವರಿನಷ್ಟೇ ಲೆಕ್ಕವೂ ಮುಖ್ಯ

ಬೇಲೂರು: ಬೆಟ್ಟದ ಮೆಟ್ಟಿಲು ಹತ್ತುವುದು ಹಾಸನ ಜಿಲ್ಲೆಯ ಜನರಿಗೆ ಹೊಸದೇನಲ್ಲ. ಹರಕೆ ತೀರಿಸಲು ಹತ್ತುವವರಿದ್ದಾರೆ, ಜಾತ್ರೆಗೆಂದು ಹತ್ತುವವರಿದ್ದಾರೆ, ಬೆಳಗಿನ ವ್ಯಾಯಾಮಕ್ಕೆಂದು ಹತ್ತುವವರೂ ಇದ್ದಾರೆ. ಹತ್ತಿದ ಒಂದೊಂದು ಮೆಟ್ಟಿಲಿಗೂ ಇಂತಿಷ್ಟು ಹಣವೆಂದು ಬಂಧುಮಿತ್ರರಿಂದ ಮಾತು ಪಡೆದು, ಸಂಗ್ರಹವಾದ ಮೊತ್ತವನ್ನು ಆಸ್ಪತ್ರೆಗೋ ರೋಗಿಗಳ ಶುಶ್ರೂಷೆ ನಡೆಸುವ ಸಂಸ್ಥೆಗೋ ಒಪ್ಪಿಸುವುದು ಇದೇ ಅಭ್ಯಾಸದ ಇನ್ನೊಂದು ರೂಪ. ಅಮೆರಿಕ, ಬ್ರಿಟನ್ ಮುಂತಾದ ದೇಶಗಳಲ್ಲಿ ಇದು ಆರೋಗ್ಯ ಸೇವಾ ಸಂಸ್ಥೆಗಳ ಆದಾಯದ ಒಂದು ಮೂಲವಾಗಿಯೇ ಬೆಳೆದಿದೆ.

2025ರ ಜೂನ್ ಮತ್ತು ಜುಲೈ ತಿಂಗಳುಗಳಲ್ಲಿ ಹೃದಯಾಘಾತದ ಸರಣಿ ಸಾವುಗಳ ಸುದ್ದಿಯಿಂದ ಹಾಸನ ಜಿಲ್ಲೆ ರಾಜ್ಯದ ಗಮನ ಸೆಳೆಯಿತು. ಹೃದಯದ ಆರೋಗ್ಯವೇ ಮನೆಮನೆಯ ಮಾತಾಗಿರುವ ಜಿಲ್ಲೆಯಲ್ಲಿ ಮೆಟ್ಟಿಲೇರಿಕೆಯ ಮೂಲಕ ನಿಧಿ ಸಂಗ್ರಹಿಸುವ ವಿಚಾರ ಎರಡು ಬಗೆಯ ಎಚ್ಚರವನ್ನು ಬೇಡುತ್ತದೆ. ಮೊದಲನೆಯದು ಹತ್ತುವವರ ಜೀವದ ಬಗೆಗಿನದು, ಎರಡನೆಯದು ಕೊಡುವವರ ಹಣದ ಬಗೆಗಿನದು.

ಏನಿದು ಸವಾಲು?

ಮೆಟ್ಟಿಲೇರಿಕೆ ಸವಾಲುಗಳಲ್ಲಿ ಸ್ಥೂಲವಾಗಿ ಮೂರು ವಿಧಗಳಿವೆ. ಬಹುಮಹಡಿ ಕಟ್ಟಡದ ಮೆಟ್ಟಿಲನ್ನು ನಿಗದಿತ ದಿನದಂದು ನೂರಾರು ಮಂದಿ ಒಬ್ಬರ ಹಿಂದೊಬ್ಬರಂತೆ ಏರುವುದು ಮೊದಲನೆಯ ವಿಧ. ಬೆಟ್ಟದ ಅಥವಾ ಕೋಟೆಯ ಮೆಟ್ಟಿಲನ್ನು ಗುಂಪಾಗಿ ಹತ್ತುವುದು ಎರಡನೆಯದು. ತಮ್ಮ ಮನೆಯದೋ ವಸತಿ ಸಮುಚ್ಚಯದ್ದೋ ಮೆಟ್ಟಿಲನ್ನು ದಿನವೂ ಏರಿಳಿದು, ಹಲವು ವಾರಗಳಲ್ಲಿ ಒಂದು ಪ್ರಸಿದ್ಧ ಶಿಖರದ ಎತ್ತರವನ್ನು ಲೆಕ್ಕದಲ್ಲಿ ಮುಟ್ಟುವುದು ಮೂರನೆಯದು.

ಮೂರರಲ್ಲಿಯೂ ಹಣ ಬರುವ ದಾರಿಗಳು ಒಂದೇ. ಭಾಗವಹಿಸುವವರು ಕಟ್ಟುವ ಪ್ರವೇಶ ಶುಲ್ಕ, ಅವರ ಪರಿಚಿತರು ನೀಡುವ ಪ್ರಾಯೋಜನೆ, ಕಂಪನಿಗಳ ನೆರವು. ಶುಲ್ಕದ ಹಣದ ಬಹುಪಾಲು ಸಾಮಾನ್ಯವಾಗಿ ಏರ್ಪಾಡಿನ ವೆಚ್ಚಕ್ಕೇ ಸಂದುಹೋಗುತ್ತದೆ. ರೋಗಿಗೆ ತಲುಪುವ ಹಣದ ನಿಜವಾದ ಮೂಲ ಎರಡನೆಯದು, ಅಂದರೆ ಪರಿಚಿತರ ಪ್ರಾಯೋಜನೆ.

ಹೊರದೇಶಗಳ ರೂಢಿ

ಆಧುನಿಕ ಮೆಟ್ಟಿಲೋಟಗಳಲ್ಲಿ ಹೆಸರುವಾಸಿಯಾದದ್ದು ನ್ಯೂಯಾರ್ಕಿನ ಎಂಪೈರ್ ಸ್ಟೇಟ್ ಕಟ್ಟಡದ ಓಟ. 1978ರಲ್ಲಿ ಆರಂಭವಾದ ಈ ಸ್ಪರ್ಧೆಯಲ್ಲಿ 86ನೇ ಮಹಡಿಯವರೆಗೆ 1,576 ಮೆಟ್ಟಿಲುಗಳನ್ನು ಏರಬೇಕು. ಆಸ್ಟ್ರೇಲಿಯದ ಪಾಲ್ ಕ್ರೇಕ್ 2003ರಲ್ಲಿ ಈ ದೂರವನ್ನು 9 ನಿಮಿಷ 33 ಸೆಕೆಂಡುಗಳಲ್ಲಿ ಕ್ರಮಿಸಿದ್ದರು. ಮೊದಲಿಗೆ ಅದು ಓಟಗಾರರ ಸಾಹಸ ಮಾತ್ರವಾಗಿತ್ತು. ಸೇವಾ ಸಂಸ್ಥೆಗಳು ಅದರೊಡನೆ ಕೈಜೋಡಿಸಿದ್ದು ನಂತರದ ಬೆಳವಣಿಗೆ.

ಮೆಟ್ಟಿಲನ್ನು ಆರೋಗ್ಯ ನಿಧಿಯೊಂದಿಗೆ ನೇರವಾಗಿ ಜೋಡಿಸಿದವರಲ್ಲಿ ಅಮೆರಿಕದ ಶ್ವಾಸಕೋಶ ಸಂಘ ಪ್ರಮುಖವಾದುದು. 'ಫೈಟ್ ಫಾರ್ ಏರ್ ಕ್ಲೈಂಬ್' ಎಂಬ ಹೆಸರಿನಲ್ಲಿ ಅದು ಹಲವು ನಗರಗಳ ಎತ್ತರದ ಕಟ್ಟಡಗಳಲ್ಲಿ ಮೆಟ್ಟಿಲೇರಿಕೆ ಏರ್ಪಡಿಸುತ್ತದೆ. ಷಿಕಾಗೋದ ಉಸಿರಾಟ ಆರೋಗ್ಯ ಸಂಘವು ಅಲ್ಲಿನ ಹ್ಯಾನ್‌ಕಾಕ್ ಗೋಪುರದ 94 ಮಹಡಿಗಳ ಏರಿಕೆಯನ್ನು ಇದೇ ಉದ್ದೇಶಕ್ಕೆ ರೂಢಿಗೆ ತಂದಿತು. ಉಸಿರಾಟದ ಕಾಯಿಲೆಗೂ ಮೆಟ್ಟಿಲಿಗೂ ಸಂಬಂಧ ಕಲ್ಪಿಸಿದ್ದು ಅರ್ಥಪೂರ್ಣವಾಗಿಯೇ ಇದೆ. ಆರೋಗ್ಯವಂತನಿಗೂ ಏದುಸಿರು ತರುವ ಮೆಟ್ಟಿಲು, ಶ್ವಾಸಕೋಶದ ರೋಗಿ ದಿನವೂ ಪಡುವ ಪಾಡನ್ನು ಕೆಲವು ನಿಮಿಷಗಳ ಮಟ್ಟಿಗಾದರೂ ತಿಳಿಸಿಕೊಡುತ್ತದೆ.

ಮನೆಯೊಳಗಿನ ಮೆಟ್ಟಿಲೂ ಸಾಲುತ್ತದೆ ಎಂಬುದನ್ನು ತೋರಿಸಿದವರು ಸ್ಕಾಟ್ಲೆಂಡಿನ 90 ವರ್ಷದ ಮಾರ್ಗರೆಟ್ ಪೇನ್. 2020ರ ಕೊರೊನಾ ದಿಗ್ಬಂಧನದ ವೇಳೆ ಅವರು ತಮ್ಮ ಮನೆಯ ಮೆಟ್ಟಿಲನ್ನು 282 ಬಾರಿ ಹತ್ತಿ, 731 ಮೀಟರ್ ಎತ್ತರದ ಸುಯಿಲ್ವೆನ್ ಬೆಟ್ಟಕ್ಕೆ ಸಮನಾದ ಎತ್ತರವನ್ನು ಪೂರೈಸಿದರು. ಬ್ರಿಟನ್ನಿನ ಸಾರ್ವಜನಿಕ ಆರೋಗ್ಯ ಸೇವೆ ಮತ್ತು ಅಂತ್ಯಕಾಲದ ರೋಗಿಗಳ ಶುಶ್ರೂಷಾಲಯದ ಸಹಾಯಾರ್ಥ ಸಂಗ್ರಹವಾದ ಮೊತ್ತ 4 ಲಕ್ಷ ಪೌಂಡ್‌ಗಳನ್ನು ಮೀರಿತು. ವಯೋವೃದ್ಧೆಯೊಬ್ಬರು ಅವಸರವಿಲ್ಲದೆ, ದಿನಕ್ಕೆ ಕೆಲವು ಬಾರಿಯಂತೆ, ತಿಂಗಳುಗಟ್ಟಲೆ ಹತ್ತಿದ್ದೇ ಜನರ ಮನಸ್ಸನ್ನು ತಟ್ಟಿತು.

ಕರ್ನಾಟಕದಲ್ಲಿ ಇದೇ ಮಾದರಿ ಓಟದ ರೂಪದಲ್ಲಿ ನೆಲೆಯೂರಿದೆ. 2008ರಲ್ಲಿ ಆರಂಭವಾದ ಬೆಂಗಳೂರಿನ 10 ಕಿಲೋಮೀಟರ್ ಓಟ ಹಲವು ಸ್ವಯಂಸೇವಾ ಸಂಸ್ಥೆಗಳಿಗೆ ವಾರ್ಷಿಕ ನಿಧಿ ಸಂಗ್ರಹದ ವೇದಿಕೆಯಾಗಿದೆ. ಓಟಗಾರರು ತಮಗಿಷ್ಟವಾದ ಸಂಸ್ಥೆಯ ಪರವಾಗಿ ಸ್ನೇಹಿತರಿಂದ ಹಣ ಕೇಳುತ್ತಾರೆ. ಓಟದ ದಾರಿಯ ಬದಲು ಮೆಟ್ಟಿಲನ್ನಿಟ್ಟರೆ ಉಳಿದ ವ್ಯವಸ್ಥೆಯೆಲ್ಲ ಅದೇ.

ಜಿಲ್ಲೆಯ ಮೆಟ್ಟಿಲುಗಳು

ಬೇಲೂರು ಪಟ್ಟಣದಲ್ಲಿ ದೊಡ್ಡ ಬೆಟ್ಟದ ಮೆಟ್ಟಿಲುಗಳಿಲ್ಲ. 1117ರಲ್ಲಿ ವಿಷ್ಣುವರ್ಧನನ ಕಾಲದಲ್ಲಿ ಪ್ರತಿಷ್ಠೆಗೊಂಡ ಚೆನ್ನಕೇಶವ ದೇವಾಲಯವು ನಕ್ಷತ್ರಾಕಾರದ ಜಗತಿಯ ಮೇಲಿದ್ದು, ಕೆಲವೇ ಮೆಟ್ಟಿಲುಗಳನ್ನು ಏರಿದರೆ ನವರಂಗದ ಬಾಗಿಲು ಎದುರಾಗುತ್ತದೆ. ಹಳೇಬೀಡಿನ ಹೊಯ್ಸಳೇಶ್ವರ ದೇವಾಲಯವೂ ಹಾಗೆಯೇ. ನೆರೆಯ ತಾಲ್ಲೂಕುಗಳಲ್ಲಿ ಮಾತ್ರ ಮೆಟ್ಟಿಲುಗಳಿಗೆ ಬರವಿಲ್ಲ.

* ಅರಸೀಕೆರೆ ಬಳಿಯ ಮಾಲೇಕಲ್ಲು ತಿರುಪತಿ: ಬೆಟ್ಟದ ಮೇಲಿನ ವೆಂಕಟರಮಣ ಸ್ವಾಮಿಯ ಸನ್ನಿಧಿಗೆ ಸುಮಾರು 1,200 ಮೆಟ್ಟಿಲುಗಳಿವೆ. 'ಚಿಕ್ಕ ತಿರುಪತಿ' ಎಂದು ಕರೆಸಿಕೊಳ್ಳುವ ಇಲ್ಲಿ ಆಷಾಢದಲ್ಲಿ ಜಾತ್ರೆ ನಡೆಯುತ್ತದೆ.
* ಅರಸೀಕೆರೆ ತಾಲ್ಲೂಕಿನ ಜೇನುಕಲ್ಲು ಸಿದ್ಧೇಶ್ವರ ಬೆಟ್ಟ: ಹುಣ್ಣಿಮೆಯ ದಿನಗಳಲ್ಲಿ ಭಕ್ತರು ಹೆಚ್ಚಿನ ಸಂಖ್ಯೆಯಲ್ಲಿ ಹತ್ತುತ್ತಾರೆ.
* ಶ್ರವಣಬೆಳಗೊಳದ ವಿಂಧ್ಯಗಿರಿ: ಬುಡದಿಂದ ಸುಮಾರು 143 ಮೀಟರ್ ಎತ್ತರ, ಬಂಡೆಯಲ್ಲಿಯೇ ಕಡಿದ 600ಕ್ಕೂ ಹೆಚ್ಚು ಮೆಟ್ಟಿಲುಗಳು.
* ಸಕಲೇಶಪುರದ ಮಂಜರಾಬಾದ್ ಕೋಟೆ: ಟಿಪ್ಪು ಸುಲ್ತಾನನ ಕಾಲದ ನಕ್ಷತ್ರಾಕಾರದ ಕೋಟೆ, ಸುಮಾರು 250 ಮೆಟ್ಟಿಲುಗಳು.

ಜಿಲ್ಲೆಯ ಹೊರಗೆ ಮೈಸೂರಿನ ಚಾಮುಂಡಿ ಬೆಟ್ಟದ ಸಾವಿರ ಮೆಟ್ಟಿಲುಗಳು ಮತ್ತು ಕೊಪ್ಪಳ ಜಿಲ್ಲೆಯ ಅಂಜನಾದ್ರಿಯ 575 ಮೆಟ್ಟಿಲುಗಳು ನಾಡಿನಾದ್ಯಂತ ಪರಿಚಿತ. ಚಾಮುಂಡಿ ಬೆಟ್ಟದಲ್ಲಿ ಹೆಂಗಳೆಯರು ಮೆಟ್ಟಿಲು ಮೆಟ್ಟಿಲಿಗೂ ಅರಿಸಿನ ಕುಂಕುಮ ಹಚ್ಚುತ್ತಾ ಏರುವ ಹರಕೆ ಇಂದಿಗೂ ಇದೆ. ಮನೆಯವರ ಕಾಯಿಲೆ ವಾಸಿಯಾಗಲೆಂದು ಮೆಟ್ಟಿಲು ಹತ್ತುವ ಸಂಪ್ರದಾಯವೇ ಇರುವಾಗ, ಅಪರಿಚಿತ ರೋಗಿಯ ಚಿಕಿತ್ಸೆಗಾಗಿ ಹತ್ತುವ ಕಲ್ಪನೆ ಇಲ್ಲಿನವರಿಗೆ ತೀರ ದೂರದ್ದಾಗಲಾರದು.

ಬೆಟ್ಟವೂ ಆಸ್ಪತ್ರೆಯೂ

ಮೆಟ್ಟಿಲು ಮತ್ತು ಆಸ್ಪತ್ರೆ ಒಂದೇ ದಿನ ಉದ್ಘಾಟನೆಗೊಂಡ ನಿದರ್ಶನವೂ ಈ ಜಿಲ್ಲೆಯಲ್ಲಿದೆ. 2018ರ ಫೆಬ್ರುವರಿ 19ರಂದು, ಬಾಹುಬಲಿ ಮಹಾಮಸ್ತಕಾಭಿಷೇಕದ ಸಂದರ್ಭದಲ್ಲಿ ಶ್ರವಣಬೆಳಗೊಳಕ್ಕೆ ಬಂದಿದ್ದ ಪ್ರಧಾನಿ ನರೇಂದ್ರ ಮೋದಿ ಅವರು ವಿಂಧ್ಯಗಿರಿಯಲ್ಲಿ ಭಾರತೀಯ ಪುರಾತತ್ವ ಸರ್ವೇಕ್ಷಣಾ ಇಲಾಖೆ ಹೊಸದಾಗಿ ಕಡಿಸಿದ ಮೆಟ್ಟಿಲುಗಳನ್ನೂ ಬಾಹುಬಲಿ ಸಾರ್ವಜನಿಕ ಆಸ್ಪತ್ರೆಯನ್ನೂ ಉದ್ಘಾಟಿಸಿದರು.

ಆ ಆಸ್ಪತ್ರೆಯ ಹಿಂದೆ ಇದ್ದುದು ಕಳಶದ ಹಣ. ಕ್ರಿ.ಶ. 981ರಲ್ಲಿ ಚಾವುಂಡರಾಯ ನಿಲ್ಲಿಸಿದ 58 ಅಡಿ ಎತ್ತರದ ಮೂರ್ತಿಗೆ 12 ವರ್ಷಗಳಿಗೊಮ್ಮೆ ನಡೆಯುವ ಅಭಿಷೇಕದಲ್ಲಿ, ಕಳಶ ಎರೆಯುವ ಅವಕಾಶವನ್ನು ಭಕ್ತರು ಕಾಣಿಕೆ ನೀಡಿ ಪಡೆಯುತ್ತಾರೆ. 2018ರಲ್ಲಿ ಪ್ರಥಮ ಕಳಶವನ್ನು ರಾಜಸ್ಥಾನದ ಕಿಶನ್‌ಗಢದ ಅಮೃತಶಿಲೆ ಉದ್ಯಮಿ ಅಶೋಕ್ ಪಾಟ್ನಿ ಅವರ ಕುಟುಂಬ 11.61 ಕೋಟಿ ರೂಪಾಯಿಗಳಿಗೆ ಪಡೆಯಿತು. ಆ ಮೊತ್ತವನ್ನು ಆಸ್ಪತ್ರೆಗೆ ವಿನಿಯೋಗಿಸುವುದಾಗಿ ಆಗಲೇ ಪ್ರಕಟಿಸಲಾಗಿತ್ತು. 2006ರ ಮಹೋತ್ಸವದ ನೆನಪಿಗೆ ಮಕ್ಕಳ ಆಸ್ಪತ್ರೆ ರೂಪುಗೊಂಡಿತ್ತು. 1970ರಿಂದ 2023ರವರೆಗೆ ಮಠದ ಪೀಠದಲ್ಲಿದ್ದ ಚಾರುಕೀರ್ತಿ ಭಟ್ಟಾರಕ ಸ್ವಾಮೀಜಿ ಅವರ ಕಾಲದ ಮಹೋತ್ಸವಗಳಲ್ಲಿ ಧಾರ್ಮಿಕ ಕಾಣಿಕೆ ಹೀಗೆ ಜನಾರೋಗ್ಯದ ಕಡೆಗೆ ತಿರುಗಿತು.

ಕಳಶದ ಮಾದರಿಗೂ ಮೆಟ್ಟಿಲೇರಿಕೆಯ ಮಾದರಿಗೂ ಇರುವ ಅಂತರವನ್ನು ಗಮನಿಸಬೇಕು. ಕಳಶದಲ್ಲಿ ದಾನಿ ಒಬ್ಬ, ಮೊತ್ತ ದೊಡ್ಡದು, ಉದ್ದೇಶ ಮೊದಲೇ ಬಹಿರಂಗ, ಕೊನೆಗೆ ಕಟ್ಟಡ ಎಲ್ಲರ ಕಣ್ಣೆದುರು ನಿಲ್ಲುತ್ತದೆ. ಮೆಟ್ಟಿಲೇರಿಕೆಯಲ್ಲಿ ದಾನಿಗಳು ಸಾವಿರಾರು, ಒಬ್ಬೊಬ್ಬರ ಮೊತ್ತ ಅಲ್ಪ. ಹಣ ಔಷಧಿ, ಪ್ರಯಾಣ, ಶುಶ್ರೂಷೆಗಳಲ್ಲಿ ಕರಗಿಹೋಗುವುದರಿಂದ ತೋರಿಸಲು ಕಟ್ಟಡವೂ ಇರುವುದಿಲ್ಲ. ಆದ್ದರಿಂದಲೇ ಅಲ್ಲಿ ಲೆಕ್ಕಪತ್ರವೊಂದೇ ಸಾಕ್ಷಿ.

ರೂಪಾಯಿಯ ಗಣಿತ

ಒಂದು ಕಾಲ್ಪನಿಕ ಲೆಕ್ಕ ಹಾಕಿ ನೋಡೋಣ. 600 ಮೆಟ್ಟಿಲುಗಳ ಬೆಟ್ಟವನ್ನು 100 ಮಂದಿ ಹತ್ತುತ್ತಾರೆ. ಒಬ್ಬೊಬ್ಬರಿಗೂ ಮೆಟ್ಟಿಲಿಗೆ ಒಂದು ರೂಪಾಯಿಯಂತೆ ಕೊಡುವ 10 ಪ್ರಾಯೋಜಕರಿದ್ದರೆ ಒಟ್ಟು 6 ಲಕ್ಷ ರೂಪಾಯಿ ಸಂಗ್ರಹವಾಗುತ್ತದೆ. ಆದರೆ ಟೀ ಶರ್ಟು, ಪದಕ, ಶಾಮಿಯಾನ, ಧ್ವನಿವರ್ಧಕ, ಅತಿಥಿ ಸತ್ಕಾರಗಳಿಗೆ 3 ಲಕ್ಷ ವೆಚ್ಚವಾದರೆ ಮೆಟ್ಟಿಲಿಗೆ 50 ಪೈಸೆಯಷ್ಟೇ ರೋಗಿಯ ಪಾಲಿಗೆ ಉಳಿಯುತ್ತದೆ. ಈ ವೆಚ್ಚವನ್ನು ಪ್ರವೇಶ ಶುಲ್ಕ ಮತ್ತು ಕಂಪನಿಗಳ ಪ್ರಾಯೋಜನೆಯಿಂದಲೇ ಭರಿಸಿ, ಮೆಟ್ಟಿಲಿನ ಹಣವನ್ನು ಮುಟ್ಟದೆ ದಾಟಿಸುವುದು ಒಳ್ಳೆಯ ಪದ್ಧತಿ.

ಮಾತು ಕೊಟ್ಟವರೆಲ್ಲರೂ ಹಣ ಕೊಡುತ್ತಾರೆಂಬ ಖಾತರಿಯಿಲ್ಲ. ಏರಿಕೆ ಮುಗಿದ ಮೇಲೆ ಮನೆಮನೆಗೆ ಹೋಗಿ ವಸೂಲು ಮಾಡುವುದು ಕಷ್ಟ. ಹಾಗಾಗಿ ಹಣವನ್ನು ಮೊದಲೇ ಸಂಸ್ಥೆಯ ಖಾತೆಗೆ ನೇರವಾಗಿ ಸಂದಾಯ ಮಾಡಿಸಿಕೊಳ್ಳುವ ಪದ್ಧತಿಯೇ ಈಗ ಹೆಚ್ಚು ಬಳಕೆಯಲ್ಲಿದೆ. ಹತ್ತುವವರ ವೈಯಕ್ತಿಕ ಖಾತೆಗೆ ಅಥವಾ ಮೊಬೈಲ್ ಸಂಖ್ಯೆಗೆ ಹಣ ಹಾಕಿಸಿಕೊಳ್ಳುವುದು, ಎಷ್ಟೇ ಪ್ರಾಮಾಣಿಕರಾಗಿದ್ದರೂ, ಸಂಶಯಕ್ಕೆ ದಾರಿ ಮಾಡಿಕೊಡುತ್ತದೆ. 2010ರಲ್ಲಿ ಬೆಂಗಳೂರಿನಲ್ಲಿ ಆರಂಭವಾದ ಮಿಲಾಪ್‌ನಂಥ ಅಂತರ್ಜಾಲ ವೇದಿಕೆಗಳ ಮೂಲಕ ಸಂಗ್ರಹಿಸುವವರು, ವೇದಿಕೆಯ ಶುಲ್ಕ ಮತ್ತು ಹಣ ಪಾವತಿಯ ಶುಲ್ಕಗಳ ವಿವರವನ್ನು ದಾನಿಗಳಿಗೆ ಮೊದಲೇ ತಿಳಿಸುವುದು ಲೇಸು.

ರಸೀದಿ ಮತ್ತು ತೆರಿಗೆ

ನೋಂದಾಯಿತ ಸೇವಾ ಸಂಸ್ಥೆಗಳಿಗೆ ಕೊಡುವ ದಾನಕ್ಕೆ ಆದಾಯ ತೆರಿಗೆಯಲ್ಲಿ ದೊರೆಯುವ ರಿಯಾಯಿತಿ '80ಜಿ' ಎಂದೇ ಜನಜನಿತ. 1961ರ ಕಾಯ್ದೆಯ ಕಲಂ ಸಂಖ್ಯೆಯೇ ಈ ಹೆಸರಿನ ಮೂಲ. 2026ರ ಏಪ್ರಿಲ್ 1ರಿಂದ ಜಾರಿಗೆ ನಿಗದಿಯಾದ 2025ರ ಹೊಸ ಕಾಯ್ದೆಯಲ್ಲಿ ಕಲಂ ಸಂಖ್ಯೆಗಳು ಬದಲಾಗಿವೆ. ಈ ಕುರಿತು ಮೂರು ಸಂಗತಿಗಳು ನೆನಪಿರಲಿ. ದಾನ ಪಡೆಯುವ ಸಂಸ್ಥೆಗೆ ಆದಾಯ ತೆರಿಗೆ ಇಲಾಖೆಯ ಮಾನ್ಯತೆ ಇರಬೇಕು. 2,000 ರೂಪಾಯಿ ಮೀರಿದ ನಗದು ದಾನಕ್ಕೆ ರಿಯಾಯಿತಿ ಸಿಗುವುದಿಲ್ಲ. ಹೊಸ ತೆರಿಗೆ ಪದ್ಧತಿಯನ್ನು ಅನುಸರಿಸುವ ವೇತನದಾರರಿಗೂ ಈ ರಿಯಾಯಿತಿ ಅನ್ವಯಿಸದು.

ಹೊರದೇಶಗಳಲ್ಲಿ ನೆಲೆಸಿರುವ ಜಿಲ್ಲೆಯ ಕುಟುಂಬಗಳಿಂದ ನೆರವು ಬಯಸುವವರು ವಿದೇಶಿ ವಂತಿಗೆ ನಿಯಂತ್ರಣ ಕಾಯ್ದೆಯನ್ನು ಮರೆಯುವಂತಿಲ್ಲ. ಭಾರತೀಯ ಪೌರತ್ವ ಉಳಿಸಿಕೊಂಡವರು ತಮ್ಮ ಉಳಿತಾಯದ ಹಣವನ್ನು ಬ್ಯಾಂಕಿನ ಮೂಲಕ ಕಳುಹಿಸಿದರೆ ಅದು ವಿದೇಶಿ ವಂತಿಗೆ ಎನಿಸುವುದಿಲ್ಲ. ಬೇರೆ ದೇಶದ ಪೌರತ್ವ ಪಡೆದವರು ಕೊಡುವ ಹಣ ಮಾತ್ರ, ಕೊಡುವವರು ಇದೇ ಊರಿನಲ್ಲಿ ಹುಟ್ಟಿದವರಾದರೂ, ವಿದೇಶಿ ವಂತಿಗೆಯೇ. ಈ ಕಾಯ್ದೆಯಡಿ ನೋಂದಣಿ ಅಥವಾ ಪೂರ್ವಾನುಮತಿ ಇಲ್ಲದ ಸಂಸ್ಥೆಗಳು ಅದನ್ನು ಸ್ವೀಕರಿಸುವಂತಿಲ್ಲ.

ಹೃದಯದ ಎಚ್ಚರ

ಮೆಟ್ಟಿಲೇರುವಾಗ ದೇಹ ತನ್ನ ತೂಕವನ್ನೇ ಗುರುತ್ವಕ್ಕೆ ಎದುರಾಗಿ ಮೇಲೆತ್ತಬೇಕು. 60 ಕಿಲೋ ತೂಕದ ವ್ಯಕ್ತಿ ವಿಂಧ್ಯಗಿರಿಯ 143 ಮೀಟರ್ ಏರಿದರೆ ಆಗುವ ಕೆಲಸ ಸುಮಾರು 84 ಕಿಲೋಜೌಲ್. ಸ್ನಾಯುಗಳ ದಕ್ಷತೆ ಕಾಲು ಭಾಗವೆಂದು ಹಿಡಿದರೂ ವ್ಯಯವಾಗುವ ಶಕ್ತಿ ಸುಮಾರು 80 ಕಿಲೋಕ್ಯಾಲೊರಿ ಮಾತ್ರ. ಅಂದರೆ ಒಂದು ಏರಿಕೆಯಿಂದ ಬೊಜ್ಜು ಕರಗುವುದಿಲ್ಲ. ಆದರೆ ಅಷ್ಟು ಕೆಲಸ ಹತ್ತು ಹದಿನೈದು ನಿಮಿಷಗಳಲ್ಲಿ ಮುಗಿಯಬೇಕಾದಾಗ ಹೃದಯದ ಮೇಲೆ ಬೀಳುವ ಹೊರೆ ಸಣ್ಣದಲ್ಲ. ಇಳಿಯುವಾಗ ಆ ಹೊರೆ ಮಂಡಿಗಳಿಗೆ ವರ್ಗವಾಗುತ್ತದೆ.

ಈ ಹೊರೆಯ ಕಾರಣದಿಂದಲೇ ವೈದ್ಯರು ಮೆಟ್ಟಿಲನ್ನು ಅಳತೆಗೋಲಾಗಿಯೂ ಬಳಸುತ್ತಾರೆ. ಶಸ್ತ್ರಚಿಕಿತ್ಸೆಗೆ ಮುನ್ನ ರೋಗಿ ಎರಡು ಮಹಡಿ ಹತ್ತಬಲ್ಲನೇ ಎಂದು ವಿಚಾರಿಸುವುದು ವಾಡಿಕೆ. ಹಾಗೆಂದು ಮೆಟ್ಟಿಲು ಹತ್ತಿ ತಮ್ಮ ಹೃದಯವನ್ನು ತಾವೇ ಪರೀಕ್ಷಿಸಿಕೊಳ್ಳುವುದು ಸರಿಯಲ್ಲ.

ಹಾಸನದ ಸಾವುಗಳ ಬಗ್ಗೆ ಅಧ್ಯಯನ ನಡೆಸಲು ರಾಜ್ಯ ಸರ್ಕಾರವು ಜಯದೇವ ಹೃದ್ರೋಗ ಸಂಸ್ಥೆಯ ನಿರ್ದೇಶಕ ಡಾ. ಕೆ.ಎಸ್. ರವೀಂದ್ರನಾಥ್ ಅವರ ನೇತೃತ್ವದಲ್ಲಿ ಸಮಿತಿ ನೇಮಿಸಿತ್ತು. 2025ರ ಜುಲೈನಲ್ಲಿ ಬಂದ ವರದಿಯಂತೆ, ಪರಿಶೀಲಿಸಿದ 24 ಸಾವುಗಳಲ್ಲಿ 4 ಹೃದಯಕ್ಕೆ ಸಂಬಂಧಿಸಿದವಾಗಿರಲಿಲ್ಲ. ಹೃದಯಾಘಾತದ ಪ್ರಮಾಣದಲ್ಲಿ ಅಸಹಜ ಏರಿಕೆ ಕಂಡುಬಂದಿಲ್ಲವೆಂದು ಸಮಿತಿ ತಿಳಿಸಿತು. ಜನರ ಭಯಕ್ಕೆ ಇದರಿಂದ ತುಸು ಸಮಾಧಾನ ದೊರೆತರೂ, ಮೃತರಲ್ಲಿ ಕಿರಿಯ ವಯಸ್ಸಿನವರೂ ಇದ್ದರೆಂಬುದು ಮರೆಯುವಂಥದ್ದಲ್ಲ. ಸಕ್ಕರೆ ಕಾಯಿಲೆ, ರಕ್ತದೊತ್ತಡ, ಧೂಮಪಾನ, ಬೊಜ್ಜು ಇವು ಹೃದ್ರೋಗದ ಹಳೆಯ ಸಂಗಾತಿಗಳೇ.

ಆದ್ದರಿಂದ ಮೆಟ್ಟಿಲೇರಿಕೆ ಏರ್ಪಡಿಸುವವರು ಕನಿಷ್ಠ ಈ ಕ್ರಮಗಳನ್ನು ಪಾಲಿಸಬೇಕು:

* 40 ದಾಟಿದವರು, ಮಧುಮೇಹ ಅಥವಾ ರಕ್ತದೊತ್ತಡ ಇರುವವರು, ಮನೆತನದಲ್ಲಿ ಹೃದ್ರೋಗದ ಹಿನ್ನೆಲೆ ಇರುವವರು ವೈದ್ಯರ ಸಲಹೆ ಪಡೆದೇ ಹೆಸರು ನೋಂದಾಯಿಸುವಂತಿರಬೇಕು.
* ವೇಗಕ್ಕೆ ಬಹುಮಾನ ಬೇಡ. ಪೂರ್ಣಗೊಳಿಸಿದವರೆಲ್ಲರಿಗೂ ಸಮಾನ ಮನ್ನಣೆ ಇರಲಿ.
* ಹಲವು ವಾರಗಳ ಮುನ್ನವೇ ದಿನಕ್ಕೆ ಕೆಲವು ಮಹಡಿಗಳಂತೆ ಅಭ್ಯಾಸ ಆರಂಭಿಸಬೇಕು.
* ಬಿಸಿಲೇರುವ ಮುನ್ನ ಏರಿಕೆ ಮುಗಿಯಬೇಕು. ನಿರ್ದಿಷ್ಟ ಅಂತರಗಳಲ್ಲಿ ನೀರು, ನೆರಳು, ಪ್ರಥಮ ಚಿಕಿತ್ಸೆ ಬಲ್ಲ ಸ್ವಯಂಸೇವಕರು ಇರಬೇಕು.
* ಎದೆನೋವು, ಎಡಗೈ ಅಥವಾ ದವಡೆಯ ನೋವು, ತಲೆಸುತ್ತು, ತಣ್ಣನೆಯ ಬೆವರು ಕಂಡರೆ ಕೂಡಲೇ ನಿಲ್ಲಿಸಿ 108ಕ್ಕೆ ಕರೆ ಮಾಡಬೇಕು. ಬೆಟ್ಟದ ನಡುವಿನಿಂದ ಕೆಳಗಿಳಿಸುವ ಡೋಲಿ ಅಥವಾ ಸ್ಟ್ರೆಚರ್ ಸಿದ್ಧವಿರಬೇಕು.

ಎಲ್ಲಿ ಸಲ್ಲುತ್ತದೆ, ಎಲ್ಲಿ ಸಲ್ಲದು

ವಿಂಧ್ಯಗಿರಿ ಸಂರಕ್ಷಿತ ಸ್ಮಾರಕ. ಪಾದರಕ್ಷೆ ಕಳಚಿಟ್ಟೇ ಏರಬೇಕಾದ ಪುಣ್ಯಕ್ಷೇತ್ರವೂ ಹೌದು. ಸಂರಕ್ಷಿತ ಸ್ಮಾರಕಗಳಲ್ಲಿ ಪರಂಪರಾಗತ ಧಾರ್ಮಿಕ ಆಚರಣೆಯ ಹೊರತಾಗಿ ಸಭೆ, ಸಮಾರಂಭ, ಮನರಂಜನೆ ನಡೆಸಲು ಲಿಖಿತ ಅನುಮತಿ ಕಡ್ಡಾಯ. ಬೇಲೂರು, ಹಳೇಬೀಡುಗಳಿಗೂ ಈ ನಿಯಮ ಅನ್ವಯಿಸುತ್ತದೆ. ಸೋಮನಾಥಪುರದೊಂದಿಗೆ ಈ ಎರಡೂ ದೇವಾಲಯಗಳು 2023ರ ಸೆಪ್ಟೆಂಬರ್‌ನಲ್ಲಿ ಯುನೆಸ್ಕೊ ವಿಶ್ವ ಪರಂಪರೆಯ ಪಟ್ಟಿಗೆ ಸೇರಿದ ಬಳಿಕ ಜವಾಬ್ದಾರಿ ಇನ್ನೂ ಹೆಚ್ಚಿದೆ. ಇಂಥ ಕಡೆ ಗಡಿಯಾರ ಹಿಡಿದು ಓಡುವುದು ಸಲ್ಲದು. ಸಣ್ಣ ಗುಂಪುಗಳಲ್ಲಿ, ಯಾತ್ರಿಕರಿಗೆ ಅಡ್ಡಿಯಾಗದಂತೆ, ಫಲಕ ಧ್ವನಿವರ್ಧಕಗಳಿಲ್ಲದೆ ಹತ್ತಿದರೆ ಯಾರಿಗೂ ತೊಂದರೆಯಿಲ್ಲ.

ಮುಜರಾಯಿ ದೇವಾಲಯಗಳಿರುವ ಬೆಟ್ಟಗಳಲ್ಲಿ ದೇವರ ಹುಂಡಿಯ ಹಣಕ್ಕೂ ಸೇವಾ ನಿಧಿಯ ಹಣಕ್ಕೂ ಬೆರಕೆಯಾಗಬಾರದು. ದೇವಾಲಯದ ಆವರಣದಲ್ಲಿ ಡಬ್ಬಿ ಇಟ್ಟು ಸಂಗ್ರಹಿಸುವ ಮುನ್ನ ಆಡಳಿತಾಧಿಕಾರಿಯ ಒಪ್ಪಿಗೆ ಪಡೆಯಬೇಕು. ಜಾತ್ರೆಯ ದಿನಗಳಲ್ಲಿ ಇಂಥ ಕಾರ್ಯಕ್ರಮ ಇಟ್ಟುಕೊಳ್ಳದಿರುವುದು ವಿವೇಕ.

ಬೆಟ್ಟವೇ ಬೇಕೆಂದೇನೂ ಇಲ್ಲ. ಕಾಲೇಜು ಕಟ್ಟಡ, ನಗರಗಳ ವಸತಿ ಸಮುಚ್ಚಯಗಳ ಮೆಟ್ಟಿಲು ಸಾಲುತ್ತವೆ. ಅಗ್ನಿ ಸುರಕ್ಷತೆಯ ಮೆಟ್ಟಿಲುಗಳಲ್ಲಿ ಗಾಳಿ ಬೆಳಕು ಇರುವುದನ್ನೂ ಬಾಗಿಲುಗಳು ತೆರೆದಿರುವುದನ್ನೂ ಖಚಿತಪಡಿಸಿಕೊಂಡರೆ ಸಾಕು. ಮೆಟ್ಟಿಲು ಹತ್ತಲಾಗದವರಿಗೆ ಬೇಲೂರಿನಿಂದ ಹಳೇಬೀಡಿನವರೆಗಿನ 16 ಕಿಲೋಮೀಟರ್ ಹಾದಿಯನ್ನು ತಂಡಗಳಲ್ಲಿ ಹಂಚಿಕೊಂಡು ನಡೆಯುವ ಪರ್ಯಾಯವೂ ಇದೆ.

ಹಣ ಯಾವುದಕ್ಕೆ?

ಹೃದಯಾಘಾತದ ತುರ್ತು ಚಿಕಿತ್ಸೆಯ ಒಂದು ಭಾಗವನ್ನು ಸರ್ಕಾರವೇ ಭರಿಸುತ್ತಿದೆ. ಪುನೀತ್ ರಾಜ್‌ಕುಮಾರ್ 2021ರ ಅಕ್ಟೋಬರ್ 29ರಂದು ನಿಧನರಾದ ಬಳಿಕ ಅವರ ಹೆಸರಿನಲ್ಲಿ ರೂಪುಗೊಂಡ ಹೃದಯ ಜ್ಯೋತಿ ಯೋಜನೆಯಡಿ, ತಾಲ್ಲೂಕು ಆಸ್ಪತ್ರೆಯಲ್ಲಿ ತೆಗೆದ ಇಸಿಜಿಯನ್ನು ತಜ್ಞರಿಗೆ ಕೂಡಲೇ ರವಾನಿಸಿ, ಅಗತ್ಯವಿದ್ದರೆ ರಕ್ತದ ಹೆಪ್ಪು ಕರಗಿಸುವ ಟೆನೆಕ್ಟೆಪ್ಲೇಸ್ ಎಂಬ ದುಬಾರಿ ಚುಚ್ಚುಮದ್ದನ್ನು ಉಚಿತವಾಗಿ ನೀಡಲಾಗುತ್ತದೆ. ಬಡ ಕುಟುಂಬಗಳ ಆಸ್ಪತ್ರೆ ವೆಚ್ಚಕ್ಕೆ ಆಯುಷ್ಮಾನ್ ಭಾರತ್-ಆರೋಗ್ಯ ಕರ್ನಾಟಕ ಯೋಜನೆಯೂ ಇದೆ.

ಯೋಜನೆಗಳು ತಲುಪದ ಜಾಗಗಳು ಬೇರೆಯೇ ಇವೆ. ಬೆಂಗಳೂರು, ಮೈಸೂರುಗಳಿಗೆ ಮರುಪರೀಕ್ಷೆಗೆ ಹೋಗಿಬರುವ ಬಸ್ ಖರ್ಚು, ರೋಗಿಯ ಜೊತೆಗಿರುವವರ ಊಟ ವಸತಿ, ದುಡಿಯುವ ಕೈ ಹಾಸಿಗೆ ಹಿಡಿದಾಗ ನಿಂತುಹೋಗುವ ಕೂಲಿ, ವರ್ಷಗಟ್ಟಲೆ ನುಂಗಬೇಕಾದ ಮಾತ್ರೆಗಳು. ಹಣ ಸಾಲದೆಂದು ಮಾತ್ರೆ ನಿಲ್ಲಿಸಿದ ರೋಗಿ ಮತ್ತೆ ಆಘಾತಕ್ಕೆ ಸಿಲುಕುವ ಅಪಾಯವಿರುತ್ತದೆ. ಮೆಟ್ಟಿಲೇರಿಕೆಯಿಂದ ಬರುವ ಸಣ್ಣ ಸಣ್ಣ ಮೊತ್ತಗಳು ಹೊಸ ಕಟ್ಟಡ ಕಟ್ಟಲು ಸಾಲವು. ಈ ಬಿರುಕುಗಳನ್ನು ಮುಚ್ಚಲು ಸಾಲಬಹುದು.

ದಾನಿಗಳು ಕೇಳಬೇಕಾದ ಪ್ರಶ್ನೆಗಳು

1. ಹಣ ಪಡೆಯುವ ಸಂಸ್ಥೆಯ ಹೆಸರು, ನೋಂದಣಿ ಸಂಖ್ಯೆ ಏನು? ಆ ಸಂಸ್ಥೆ ಈ ಸಂಗ್ರಹಕ್ಕೆ ಲಿಖಿತ ಒಪ್ಪಿಗೆ ನೀಡಿದೆಯೇ?
2. ಹಣ ಯಾರ ಖಾತೆಗೆ ಸೇರುತ್ತದೆ? ರಸೀದಿ ಕೊಡುವವರು ಯಾರು?
3. ಏರ್ಪಾಡಿನ ವೆಚ್ಚ ಎಷ್ಟು, ಅದನ್ನು ಭರಿಸುವವರು ಯಾರು?
4. ಸಂಗ್ರಹವಾದ ಒಟ್ಟು ಮೊತ್ತ, ತಲುಪಿಸಿದ ಮೊತ್ತ ಮತ್ತು ಬಳಕೆಯ ವಿವರವನ್ನು ಯಾವಾಗ ಪ್ರಕಟಿಸಲಾಗುತ್ತದೆ?
5. ಕಾರ್ಯಕ್ರಮ ರದ್ದಾದರೆ ಅಥವಾ ಹತ್ತುವವರು ಅರ್ಧದಲ್ಲಿ ನಿಲ್ಲಿಸಿದರೆ ಹಣದ ಗತಿ ಏನು?

ಕೊನೆಯ ಪ್ರಶ್ನೆಗೆ ಉತ್ತರ ಮೊದಲೇ ಸ್ಪಷ್ಟವಿರುವುದು ಬಹು ಮುಖ್ಯ. ಮೆಟ್ಟಿಲಿನ ಲೆಕ್ಕಕ್ಕೆ ಹಣ ಕಟ್ಟಿಹಾಕಿದರೆ, ಎದೆ ಬಿಗಿದರೂ ಇನ್ನು ಹತ್ತೇ ಮೆಟ್ಟಿಲು ಎಂದು ಮುನ್ನುಗ್ಗುವ ಹಟ ಹುಟ್ಟುತ್ತದೆ. ಅರ್ಧಕ್ಕೆ ಇಳಿದರೂ ವಾಗ್ದಾನದ ಪೂರ್ಣ ಮೊತ್ತ ಸಲ್ಲುತ್ತದೆ ಎಂಬ ಒಂದು ಸಾಲನ್ನು ನೋಂದಣಿ ಪತ್ರದಲ್ಲಿ ಸೇರಿಸಿದರೆ ಈ ಅಪಾಯ ಬಹುಮಟ್ಟಿಗೆ ತಪ್ಪುತ್ತದೆ.